ಬಣ್ಣದ ಮೇಲೆ ಕುಳಿತಿದ್ದ ಅರ್ಥ್ ವೈರು

ಹಾಡು ಮುಗಿದು ಮುಂದಿನದು ಆರಂಭವಾಗುವ ಎರಡು ಸೆಕೆಂಡುಗಳ ಬಿಡುವಿನಲ್ಲಿ ನನ್ನ ಕಾರಿನ ಬಾಗಿಲ ಸ್ಪೀಕರುಗಳಿಂದ ಸಣ್ಣಗೆ ಒಂದು ಕೀರಲು ದನಿ ಕೇಳಿಸುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಅದರ ಶ್ರುತಿ ಏರುತ್ತಿತ್ತು, ಕಾಲು ತೆಗೆದರೆ ಇಳಿಯುತ್ತಿತ್ತು. ವಾಲ್ಯೂಮನ್ನು ಸೊನ್ನೆಗೆ ತಂದರೂ ಅದು ಇದ್ದಷ್ಟೇ ಇರುತ್ತಿತ್ತು. ಡಿಕ್ಕಿಯಲ್ಲಿ ಐದು ಚಾನೆಲ್‌ಗಳ ಆಂಪ್ಲಿಫೈಯರ್ ಕೂರಿಸಿದ ದಿನವೇ ಈ ದನಿಯೂ ಅದರ ಬೆನ್ನಿಗೆ ಬಂದಿತ್ತು. ಕೂರಿಸಿಕೊಟ್ಟವರನ್ನು ವಿಚಾರಿಸಿದಾಗ, "ಆಂಪ್ ಹಾಕಿದ ಮೇಲೆ ಸ್ವಲ್ಪ ಇದ್ದೇ ಇರುತ್ತೆ ಸಾರ್, ಹಾಡು ಬರುವಾಗ ಗೊತ್ತಾಗಲ್ಲ" ಎಂದರು. ಹಾಡು ಬರುವಾಗ ಗೊತ್ತಾಗುತ್ತಿರಲಿಲ್ಲ ಎಂಬುದು ನಿಜವೇ. ಆದರೆ ಇಂಥ ಸದ್ದು ಒಮ್ಮೆ ಕಿವಿಗೆ ಬಿದ್ದರೆ ಮುಗಿಯಿತು, ಆಮೇಲೆ ಕಿವಿಯೇ ಅದನ್ನು ಹುಡುಕಿಕೊಂಡು ಹೋಗುತ್ತದೆ.

ಮೊದಲು ನಾನು, ಸ್ಟೀರಿಯೊದಿಂದ ಆಂಪ್ಲಿಫೈಯರಿಗೆ ಹಾಡಿನ ಸಿಗ್ನಲನ್ನು ಒಯ್ಯುವ ಆರ್‌ಸಿಎ ಕೇಬಲನ್ನು ದುಬಾರಿಯದೇ ತಂದು ಹಾಕಿದೆ, ಏನೂ ಬದಲಾಗಲಿಲ್ಲ. ಅನಂತರ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿಯನ್ನು ಕೇಬಲಿನ ನಡುವೆ ಸೇರಿಸಿದೆ. ಕೀರಲು ದನಿ ಬಹುಪಾಲು ಹೋಯಿತು, ಅದರ ಜೊತೆಗೆ ಬೇಸ್‌ನ ಗಟ್ಟಿತನವೂ ಹೋಯಿತು. ಅದನ್ನು ಕಿತ್ತು ಡ್ರಾಯರಿಗೆ ಹಾಕಿ, ಸಮಸ್ಯೆಯನ್ನು ಬುಡದಿಂದ ನೋಡಲು ಕುಳಿತಾಗ ತಪ್ಪು ಸಿಕ್ಕಿದ್ದು ಒಂದು ಸ್ಕ್ರೂವಿನ ಕೆಳಗೆ, ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ. ಅಲ್ಲಿಗೆ ತಲುಪಿದ ಬಗೆಯನ್ನೂ ಅಲ್ಲಿ ಮಾಡಿದ ಕೆಲಸವನ್ನೂ ವಿವರವಾಗಿ ಬರೆಯುತ್ತಿದ್ದೇನೆ.

ಕಾರಿನ ಆಡಿಯೊದಲ್ಲಿ ಕೇಳಿಬರುವ ಸದ್ದುಗಳೆಲ್ಲ ಒಂದೇ ಜಾತಿಯವಲ್ಲ. ಎಂಜಿನ್ ಆಫ್ ಆಗಿರುವಾಗಲೂ ಒಂದೇ ಸಮನೆ ಸುಯ್ ಎನ್ನುತ್ತಿದ್ದರೆ ಬಹುಮಟ್ಟಿಗೆ ಅದು ಆಂಪ್ಲಿಫೈಯರಿನ ಗೇನ್, ಅಂದರೆ ಒಳಬಂದ ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕೆಂಬ ಹೊಂದಿಕೆ, ಅತಿಯಾಗಿರುವುದರ ಫಲ. ಎಂಜಿನ್ ವೇಗ ಹೆಚ್ಚಿದಂತೆ ಟಿಕ್ ಟಿಕ್ ಎಂದು ದಟ್ಟವಾಗುವ ಸದ್ದು ಇಗ್ನಿಷನ್ ಕಡೆಯಿಂದ ಬರುವಂಥದ್ದು. ಸ್ಟೀರಿಯೊ ಆನ್ ಮಾಡಿದಾಗ ಒಮ್ಮೆ ಡಬ್ ಎಂದು ಸುಮ್ಮನಾಗುವುದು ಆಂಪ್ಲಿಫೈಯರ್ ಎಚ್ಚರಗೊಳ್ಳುವ ಹೊತ್ತಿನ ತೊಂದರೆ. ಎಂಜಿನ್ ವೇಗದೊಂದಿಗೆ ಶ್ರುತಿ ಏರಿಳಿಯುವ ಕೀರಲು ದನಿ ಮಾತ್ರ ಆಲ್ಟರ್ನೇಟರಿನದು, ಮತ್ತು ಅದು ಹಾಡಿನೊಳಗೆ ನುಸುಳಲು ಅರ್ಥಿಂಗ್ ದೋಷವೇ ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ.

ಆಲ್ಟರ್ನೇಟರ್ ಹುಟ್ಟಿಸುವುದು ಮೂರು ಫೇಸ್‌ಗಳ ಎಸಿ ಕರೆಂಟನ್ನು. ಅದರೊಳಗಿನ ಆರು ಡಯೋಡುಗಳು ಅದನ್ನು ಡಿಸಿಯಾಗಿ ಮಾರ್ಪಡಿಸುತ್ತವೆಯಾದರೂ ಹೊರಬರುವ ಡಿಸಿ ಪೂರ್ತಿ ನುಣುಪಾಗಿರುವುದಿಲ್ಲ. ಸುಮಾರು 14 ವೋಲ್ಟಿನ ಮೇಲೆ ಸಣ್ಣ ಸಣ್ಣ ಅಲೆಗಳು ಕುಳಿತಿರುತ್ತವೆ. 12 ಧ್ರುವಗಳ ಆಲ್ಟರ್ನೇಟರ್ ಒಂದು ಸುತ್ತು ತಿರುಗಿದರೆ ಇಂಥ 36 ಅಲೆಗಳು ಏಳುತ್ತವೆ. ಎಂಜಿನ್ ಒಂದು ಸುತ್ತು ತಿರುಗುವಷ್ಟರಲ್ಲಿ ಆಲ್ಟರ್ನೇಟರ್ ಮೂರು ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ, ನಿಮಿಷಕ್ಕೆ 800 ಸುತ್ತಿನ ಐಡಲ್‌ನಲ್ಲಿ ಅದು ಸೆಕೆಂಡಿಗೆ 40 ಸುತ್ತು ತಿರುಗಿ 1,440 ಅಲೆಗಳನ್ನು ಎಬ್ಬಿಸುತ್ತದೆ. ಎಂಜಿನ್ 2,000 ಸುತ್ತಿಗೆ ಏರಿದರೆ ಅದು 3,600 ಹರ್ಟ್ಜ್ ಆಗುತ್ತದೆ. ಮನುಷ್ಯನ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದೇ 2,000ದಿಂದ 5,000 ಹರ್ಟ್ಜ್‌ಗಳ ನಡುವೆ. ಗದ್ದಲಕ್ಕೆ ಇದಕ್ಕಿಂತ ಕೆಟ್ಟ ಜಾಗ ಸಿಗಲಾರದು. ಬೇಸ್ ಮಾತ್ರ ನುಡಿಸುವ ಸಬ್‌ವೂಫರಿನಲ್ಲಿ ಈ ದನಿ ಕೇಳಿಸದೆ ಬಾಗಿಲ ಸ್ಪೀಕರುಗಳಲ್ಲಿ, ಅದರಲ್ಲೂ ಏರುದನಿಗಳನ್ನು ನುಡಿಸುವ ಪುಟ್ಟ ಟ್ವೀಟರಿನಲ್ಲಿ ಎದ್ದು ಕೇಳಿಸುವುದೂ ಇದೇ ಕಾರಣಕ್ಕೆ.

ಈ ಅಲೆಗಳು ಎಲ್ಲ ಕಾರುಗಳಲ್ಲೂ ಇರುತ್ತವೆ. ಹಾಗಿದ್ದೂ ಕಾರ್ಖಾನೆಯಿಂದ ಬಂದ ಸ್ಟೀರಿಯೊದಲ್ಲಿ ಕೇಳಿಸದ ಸದ್ದು ಆಂಪ್ಲಿಫೈಯರ್ ಹಾಕಿದ ಕೂಡಲೇ ಕೇಳಿಸುತ್ತದೆ ಎಂದರೆ, ಅಲೆಗಳಿಗೆ ಸಿಗ್ನಲಿನೊಳಗೆ ಹೊಗಲು ನಾವೇ ಎಲ್ಲೋ ಬಾಗಿಲು ತೆರೆದುಕೊಟ್ಟಿದ್ದೇವೆ ಎಂದರ್ಥ.

ಅರ್ಥ್ ಎಂಬ ಹೆಸರು ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಮನೆಯ ಅರ್ಥ್ ವೈರು ನೆಲಕ್ಕಿಳಿದದ್ದು. ಎಲ್ಲ ಸರಿಯಿರುವಾಗ ಅದರಲ್ಲಿ ಕರೆಂಟು ಹರಿಯುವುದೇ ಇಲ್ಲ ಎನ್ನಬಹುದು. ಕಾರು ನಿಂತಿರುವುದು ರಬ್ಬರ್ ಟೈರುಗಳ ಮೇಲೆ. ಅದಕ್ಕೂ ನೆಲಕ್ಕೂ ಈ ವಿಷಯದಲ್ಲಿ ಯಾವ ಸಂಬಂಧವೂ ಇಲ್ಲ. ಇಲ್ಲಿ ಅರ್ಥ್ ಎಂದರೆ ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟು ಕೆಲಸ ಮುಗಿಸಿ ಮೈನಸ್‌ಗೆ ಮರಳುವ ದಾರಿ. ಕೆಂಪು ವೈರಿನಲ್ಲಿ ಎಷ್ಟು ಆಂಪಿಯರ್ ಬಂದಿತೋ ಅಷ್ಟೂ ಆ ದಾರಿಯಲ್ಲೇ ಹಿಂದಿರುಗಬೇಕು. ನನ್ನ ಆಂಪ್ಲಿಫೈಯರಿನದು ಒಟ್ಟು 500 ವಾಟ್. ಡಿ ಕ್ಲಾಸಿನದಾದ್ದರಿಂದ ಅದರ ದಕ್ಷತೆ 80 ಶೇಕಡ ಎಂದು ಹಿಡಿದರೂ ಪೂರ್ತಿ ಹೊರೆಯಲ್ಲಿ ಅದು ಎಳೆಯುವುದು 625 ವಾಟ್, 13.8 ವೋಲ್ಟಿನಲ್ಲಿ ಇದು ಸುಮಾರು 45 ಆಂಪಿಯರ್. ಇಷ್ಟು ಕರೆಂಟನ್ನು ತರುವ ಕೆಂಪು ವೈರಿಗೆ ನಾವು ಕೊಡುವ ಮರ್ಯಾದೆಯ ಅರ್ಧವನ್ನೂ ಅದನ್ನು ಹಿಂದಕ್ಕೆ ಒಯ್ಯುವ ಕಪ್ಪು ವೈರಿಗೆ ಕೊಡುವುದಿಲ್ಲ. ಕೆಂಪು ವೈರು ದಪ್ಪಗೆ, ಫ್ಯೂಸ್ ಸಮೇತ, ಅಚ್ಚುಕಟ್ಟಾಗಿ ಬಂದಿರುತ್ತದೆ. ಕಪ್ಪು ವೈರನ್ನು ಕೈಗೆ ಸಿಕ್ಕ ಸ್ಕ್ರೂವಿಗೆ ಬಿಗಿದು ಮ್ಯಾಟ್ ಮುಚ್ಚಿರುತ್ತಾರೆ.

ಆಂಪ್ಲಿಫೈಯರಿನ ಅರ್ಥ್ ದಾರಿಯಲ್ಲಿ ಎಲ್ಲೋ ಒಂದೆಡೆ ಪ್ರತಿರೋಧ ಹೆಚ್ಚಾಗಿದೆ ಎಂದುಕೊಳ್ಳೋಣ. ಮರಳುವ ಕರೆಂಟು ಆ ಜಾಗವನ್ನು ದಾಟುವಾಗ ಅಲ್ಲಿ ವೋಲ್ಟೇಜ್ ಬೀಳುತ್ತದೆ, ಅಂದರೆ ಆಂಪ್ಲಿಫೈಯರಿನ ಸೊನ್ನೆ ಬ್ಯಾಟರಿಯ ಸೊನ್ನೆಗಿಂತ ಸ್ವಲ್ಪ ಮೇಲಕ್ಕೆ ಎದ್ದು ನಿಲ್ಲುತ್ತದೆ. ಅದು ಸುಮ್ಮನೆ ನಿಂತಿದ್ದರೆ ಕಿವಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಆಲ್ಟರ್ನೇಟರಿನ ಅಲೆಗಳು ಆಂಪ್ಲಿಫೈಯರಿನ ಒಳಗಿನ ದೊಡ್ಡ ಕೆಪಾಸಿಟರುಗಳ ಮೂಲಕ ಹಾದು ಅದೇ ಅರ್ಥ್ ದಾರಿಯಲ್ಲಿ ಮರಳುವುದರಿಂದ ಆ ಸೊನ್ನೆಯೂ ಅಲೆಗಳ ಜೊತೆಗೆ ಕುಣಿಯುತ್ತದೆ. ಇತ್ತ ಡ್ಯಾಶ್‌ಬೋರ್ಡಿನಲ್ಲಿರುವ ಸ್ಟೀರಿಯೊ ತನ್ನದೇ ಬೇರೆ ಜಾಗದಲ್ಲಿ ಅರ್ಥ್ ಆಗಿದೆ. ಅದರ ಸೊನ್ನೆ ಹೀಗೆ ಕುಣಿಯುವುದಿಲ್ಲ. ಈ ಎರಡು ಸೊನ್ನೆಗಳನ್ನು ಆರ್‌ಸಿಎ ಕೇಬಲಿನ ಹೊರಪದರ, ಅಂದರೆ ಶೀಲ್ಡ್, ಒಂದಕ್ಕೊಂದು ಕಟ್ಟಿಹಾಕಿದೆ. ಎರಡೂ ತುದಿಯ ವೋಲ್ಟೇಜ್ ಬೇರೆಬೇರೆಯಾದಾಗ ಆ ತೆಳುವಾದ ಶೀಲ್ಡಿನಲ್ಲಿ ಕರೆಂಟು ಹರಿಯುತ್ತದೆ, ಹಾಗೂ ಅದರಿಂದ ಹುಟ್ಟಿದ ವೋಲ್ಟೇಜು ನೇರವಾಗಿ ಹಾಡಿನ ಸಿಗ್ನಲಿಗೆ ಕೂಡಿಕೊಳ್ಳುತ್ತದೆ. ಗ್ರೌಂಡ್ ಲೂಪ್ ಎನ್ನುವುದು ಈ ಸುತ್ತನ್ನೇ. ಸ್ಟೀರಿಯೊದ ವಾಲ್ಯೂಮ್ ಕಂಟ್ರೋಲನ್ನು ದಾಟಿದ ಮೇಲೆ ಗದ್ದಲ ಸೇರಿಕೊಳ್ಳುವುದರಿಂದಲೇ ವಾಲ್ಯೂಮ್ ಸೊನ್ನೆಗೆ ತಂದರೂ ಅದು ಜಗ್ಗುವುದಿಲ್ಲ.

ಎಷ್ಟು ವ್ಯತ್ಯಾಸವಿದ್ದರೆ ಕೇಳಿಸುತ್ತದೆ ಎಂದು ಕೇಳಬಹುದು. ಸ್ಟೀರಿಯೊದ ಆರ್‌ಸಿಎ ಔಟ್‌ಪುಟ್ ಹೆಚ್ಚೆಂದರೆ 2 ವೋಲ್ಟ್ ಇರುವಲ್ಲಿ 20 ಮಿಲಿವೋಲ್ಟಿನ ಅಲೆ ಸೇರಿಕೊಂಡರೆ ಅದು ನೂರಕ್ಕೆ ಒಂದು ಪಾಲು, ಎಂದರೆ ಪೂರ್ಣ ಸಿಗ್ನಲಿಗಿಂತ 40 ಡೆಸಿಬಲ್ ಕೆಳಗೆ ಮಾತ್ರ. ಅಬ್ಬರದ ಹಾಡಿನಲ್ಲಿ ಅದು ಮುಚ್ಚಿಹೋಗುತ್ತದೆ. ಒಂದೇ ಒಂದು ಕೊಳಲು ಮೆಲ್ಲಗೆ ನುಡಿಯುವ ಕಡೆ ಮುಚ್ಚಿಹೋಗುವುದಿಲ್ಲ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಗದ್ದಲ ಎಲ್ಲಿಂದ ಒಳಬರುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ನಾನು ಈ ಹೆಜ್ಜೆಯನ್ನು ಹಾರಿಸಿದ್ದಕ್ಕೇ ಕೇಬಲಿನ ಹಣ ಕಳೆದುಕೊಂಡೆ. ಸಿಸ್ಟಂ ಆಫ್ ಮಾಡಿ, ಆಂಪ್ಲಿಫೈಯರಿನಿಂದ ಆರ್‌ಸಿಎ ಪ್ಲಗ್ಗುಗಳನ್ನು ಕಳಚಿ, ಆ ಸಾಕೆಟ್ಟುಗಳಿಗೆ ಒಳಪಿನ್ನು ಮತ್ತು ಹೊರಬಳೆಯನ್ನು ಶಾರ್ಟ್ ಮಾಡಿದ ಖಾಲಿ ಪ್ಲಗ್ಗುಗಳನ್ನು ಸಿಕ್ಕಿಸಿ, ಮತ್ತೆ ಎಂಜಿನ್ ಓಡಿಸಿ ನೋಡಬೇಕು. ಆಗಲೂ ದನಿ ಇದ್ದರೆ ದೋಷ ಆಂಪ್ಲಿಫೈಯರಿನೊಳಗೋ ಸ್ಪೀಕರ್ ವೈರಿನ ಕಡೆಗೋ ಇದೆ. ನಿಂತುಹೋದರೆ ಅದು ಆರ್‌ಸಿಎ ಮೂಲಕ ಬರುತ್ತಿದೆ. ನನ್ನ ಕಾರಿನಲ್ಲಿ ನಿಂತುಹೋಯಿತು. ಅನಂತರ ಚಾರ್ಜರಿಗೆ ಸೇರಿಸದ ಫೋನೊಂದನ್ನು ಅದರ ಸ್ವಂತ ಬ್ಯಾಟರಿಯ ಮೇಲೆ ಓಡಿಸುತ್ತ ನೇರವಾಗಿ ಆಂಪ್ಲಿಫೈಯರಿಗೆ ಜೋಡಿಸಿದೆ. ಹಾಡು ಶುದ್ಧವಾಗಿ ಬಂತು. ಕಾರಿನ ಅರ್ಥಿಗೆ ತಗಲದ ಫೋನು ಇದ್ದಾಗ ಗದ್ದಲವಿಲ್ಲ, ಅರ್ಥಿಗೆ ತಗಲಿದ ಸ್ಟೀರಿಯೊ ಇದ್ದಾಗ ಇದೆ ಎಂದ ಮೇಲೆ ಲೂಪಿನ ಬಗ್ಗೆ ಅನುಮಾನ ಉಳಿಯಲಿಲ್ಲ. ಮೂರನೆಯದು ಒರಟಾದರೂ ನನಗೆ ತುಂಬ ಹಿಡಿಸಿದ ಪರೀಕ್ಷೆ: ಬ್ಯಾಟರಿ ಇಳಿದಾಗ ಬಳಸುವ ಜಂಪರ್ ಕೇಬಲಿನ ಕಪ್ಪು ವೈರನ್ನು ಮಾತ್ರ ತೆಗೆದುಕೊಂಡು, ಒಂದು ತುದಿಯನ್ನು ಬಾನೆಟ್ಟಿನ ಕೆಳಗೆ ಬ್ಯಾಟರಿಯ ಮೈನಸ್‌ಗೂ ಇನ್ನೊಂದು ತುದಿಯನ್ನು ಆಂಪ್ಲಿಫೈಯರಿನ ಅರ್ಥ್ ಟರ್ಮಿನಲಿಗೂ ಕಚ್ಚಿಸುವುದು. ನನ್ನದು ಉದ್ದ ಸಾಲದೆ ಮತ್ತೊಂದು ಕೇಬಲನ್ನು ಸೇರಿಸಬೇಕಾಯಿತು. ಕಚ್ಚಿಸಿದ ಕ್ಷಣದಲ್ಲೇ ಕೀರಲು ದನಿ ಬಹುತೇಕ ಅಡಗಿತು. ತೆಗೆದೆ, ಮತ್ತೆ ಬಂತು.

ಇನ್ನು ಮಲ್ಟಿಮೀಟರಿನ ಕೆಲಸ. ಅರ್ಥ್ ಸರಿಯಿದೆಯೇ ಎಂದು ನೋಡಲು ಅನೇಕರು ಮೀಟರನ್ನು ಓಮ್‌ಗೆ ತಿರುಗಿಸಿ, ಬೀಪ್ ಸದ್ದು ಕೇಳಿ ತೃಪ್ತರಾಗುತ್ತಾರೆ. ಆ ಬೀಪ್‌ಗೆ ಇಲ್ಲಿ ಯಾವ ಬೆಲೆಯೂ ಇಲ್ಲ. ಸಾಧಾರಣ ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೂ 0.2 ಓಮ್ ತೋರಿಸುತ್ತದೆ. ನಾವು ಹುಡುಕುತ್ತಿರುವ ದೋಷ ಅದರ ಹತ್ತನೇ ಒಂದು ಪಾಲೂ ಇರುವುದಿಲ್ಲ. ಅಳೆಯಬೇಕಾದದ್ದು ಕರೆಂಟು ಹರಿಯುತ್ತಿರುವಾಗ ಬೀಳುವ ವೋಲ್ಟೇಜನ್ನು. ಹಾಡಿನಲ್ಲಿ ಕರೆಂಟು ಕ್ಷಣಕ್ಷಣಕ್ಕೂ ಏರಿಳಿಯುವುದರಿಂದ ನಾನು 50 ಹರ್ಟ್ಜ್‌ನ ಒಂದೇ ಸಮನಾದ ಟೋನನ್ನು ಹಾಕಿ, ಕೆಂಪು ವೈರಿನ ಸುತ್ತ ಡಿಸಿ ಕ್ಲ್ಯಾಂಪ್ ಮೀಟರ್ ಇಟ್ಟು, ಅದು 30 ಆಂಪಿಯರ್ ತೋರಿಸುವವರೆಗೆ ವಾಲ್ಯೂಮ್ ಏರಿಸಿದೆ. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಮತ್ತೊಂದನ್ನು ಉದ್ದದ ವೈರಿನ ಮೂಲಕ ಆಂಪ್ಲಿಫೈಯರಿನ ಅರ್ಥ್ ಟರ್ಮಿನಲಿಗೂ ಒತ್ತಿದಾಗ 0.62 ವೋಲ್ಟ್ ಬಂತು. ನಾನು ಸರಿಯೆಂದು ಒಪ್ಪುವುದು 0.1 ವೋಲ್ಟಿನ ಒಳಗೆ. ದಾರಿಯನ್ನು ತುಂಡು ತುಂಡಾಗಿ ಅಳೆಯುತ್ತ ಹೋದೆ. ಅರ್ಥ್ ವೈರಿನ ಉದ್ದಕ್ಕೂ ಬಿದ್ದದ್ದು 0.06, ಕಾರಿನ ಬಾಡಿಯಿಂದ ಬ್ಯಾಟರಿಯವರೆಗೆ 0.08, ವೈರಿನ ಲಗ್ (ತುದಿಯಲ್ಲಿರುವ ಲೋಹದ ಬಳೆ) ಮತ್ತು ಅದು ಕುಳಿತ ತಗಡಿನ ನಡುವೆ, ಒಂದೇ ಒಂದು ಸ್ಕ್ರೂವಿನ ಕೆಳಗೆ, 0.48. ಮೀಟರನ್ನು ಎಸಿಗೆ ತಿರುಗಿಸಿ ಅಲೆಗಳನ್ನೇ ನೇರವಾಗಿ ಅಳೆಯಬಹುದಲ್ಲವೇ ಎಂದರೆ, ಅಗ್ಗದ ಮೀಟರುಗಳ ಎಸಿ ಅಳತೆ ಕೆಲವು ನೂರು ಹರ್ಟ್ಜ್ ದಾಟಿದ ಮೇಲೆ ನಂಬಿಕೆಗೆ ಅರ್ಹವಲ್ಲ. ಡಿಸಿಯಲ್ಲಿ ಕೆಟ್ಟ ಜಾಯಿಂಟ್ ಸಿಕ್ಕಿದರೆ ಸಾಕು, ಅಲೆಗಳ ದಾರಿಯೂ ಅದೇ.

0.48 ವೋಲ್ಟನ್ನು 30 ಆಂಪಿಯರಿನಿಂದ ಭಾಗಿಸಿದರೆ 16 ಮಿಲಿಓಮ್. ಕೇಳಲು ಏನೂ ಅಲ್ಲ ಎನ್ನುವಷ್ಟು ಚಿಕ್ಕದು. ಆದರೆ 30 ಆಂಪಿಯರಿನಲ್ಲಿ ಅಲ್ಲಿ 14 ವಾಟ್ ಶಾಖ ಹುಟ್ಟುತ್ತಿತ್ತು. 45 ಆಂಪಿಯರಿನಲ್ಲಿ ಅದು 32 ವಾಟ್ ಆಗುತ್ತದೆ. ಎಲೆಕ್ಟ್ರಾನಿಕ್ಸ್ ಬೆಸುಗೆಗೆ ಬಳಸುವ ಸಣ್ಣ ಸೋಲ್ಡರಿಂಗ್ ಐರನ್ನಿನ ಶಕ್ತಿ ಹೆಚ್ಚುಕಡಿಮೆ ಅಷ್ಟೇ. ಒಂದು ಸೋಲ್ಡರಿಂಗ್ ಐರನ್ನನ್ನು ಡಿಕ್ಕಿಯ ಮ್ಯಾಟಿನ ಕೆಳಗೆ ಬಚ್ಚಿಟ್ಟುಕೊಂಡು ನಾನು ಊರೂರು ಸುತ್ತಿದ್ದೆ.

ಬ್ಯಾಟರಿಯ ಮೈನಸ್ ಕಳಚಿ ಆ ಸ್ಕ್ರೂವನ್ನು ಬಿಚ್ಚಿದೆ. ಅದು ತಾನೇ ಎಳೆ ಕೊರೆದುಕೊಂಡು ತಗಡಿಗೆ ಇಳಿಯುವ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ. ಡಿಕ್ಕಿಯ ತಗಡಿನ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಅಂಥ ಸ್ಕ್ರೂವಿನ ಎಳೆ ಅದರಲ್ಲಿ ಒಂದು ಸುತ್ತು ಕೂಡ ಪೂರ್ತಿ ಹಿಡಿಯುವುದಿಲ್ಲ. ಲಗ್ ಕುಳಿತಿದ್ದ ಜಾಗದಲ್ಲಿ ಬಣ್ಣವನ್ನು ಕೆರೆದಿದ್ದರು, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಕೆರೆದ ವೃತ್ತ ಮಂಕಾದ ಬೂದು ಬಣ್ಣದಲ್ಲಿತ್ತು. ಮೊದಲ ನೋಟಕ್ಕೆ ನಾನೂ ಅದನ್ನು ಕಬ್ಬಿಣ ಎಂದೇ ತಿಳಿದೆ. ಉಗುರಿನಿಂದ ಗೀರಿದಾಗ ಪುಡಿ ಬಂತು. ಅದು ಮೇಲಿನ ಬಣ್ಣದ ಅಡಿಯಲ್ಲಿರುವ ಪ್ರೈಮರ್. ಅದರಲ್ಲಿ ಕರೆಂಟು ಹರಿಯುವುದಿಲ್ಲ. ಅಂದರೆ ಲಗ್‌ನ ಅಷ್ಟಗಲ ಮುಖ ಬರಿದೇ ಪ್ರೈಮರಿನ ಮೇಲೆ ಕುಳಿತಿತ್ತು, ನನ್ನ ಇಡೀ ಆಂಪ್ಲಿಫೈಯರಿನ ಕರೆಂಟು ಸ್ಕ್ರೂವಿನ ಆ ಅರೆಬರೆ ಎಳೆಯೊಂದರ ಮೂಲಕ ತೂರಿಕೊಂಡು ಹೋಗುತ್ತಿತ್ತು. ಲಗ್‌ನ ಬುಡದಲ್ಲಿ ವೈರಿನ ಕಪ್ಪು ಹೊದಿಕೆ ಹೊಳಪು ಕಳೆದುಕೊಂಡು ಸುಕ್ಕಾಗಿತ್ತು.

ಹೊಸ ಜಾಗದ ಆಯ್ಕೆಗೆ ನಾನು ಸಾಕಷ್ಟು ಸಮಯ ತೆಗೆದುಕೊಂಡೆ. ಸೀಟ್ ಬೆಲ್ಟಿನ ಬೋಲ್ಟು ದಪ್ಪಗಿದೆ, ಕೈಗೆ ಸಿಗುತ್ತದೆ ಎಂದು ಅದಕ್ಕೆ ಅರ್ಥ್ ವೈರು ಬಿಗಿಯುವವರಿದ್ದಾರೆ, ಅದನ್ನು ಮಾಡಲೇಬಾರದು. ಅಪಘಾತದಲ್ಲಿ ಒಬ್ಬರ ಜೀವ ಹಿಡಿಯಬೇಕಾದ ಬೋಲ್ಟು ಅದು, ಅದರ ಕೆಳಗೆ ಲಗ್ ಸೇರಿಸಿದರೆ ಅದು ಮೊದಲಿನಷ್ಟು ಆಳಕ್ಕೆ, ಮೊದಲಿನ ಬಿಗಿತಕ್ಕೆ ಇಳಿಯುವುದಿಲ್ಲ. ಟೈಲ್ ಲೈಟಿಗಾಗಿ ಕಾರ್ಖಾನೆಯವರೇ ಕೊಟ್ಟಿರುವ ಸಣ್ಣ ಅರ್ಥ್ ಪಾಯಿಂಟು ಕೂಡ ಬೇಡ. ಅದು ಕೆಲವು ಆಂಪಿಯರುಗಳಿಗೆಂದು ಮಾಡಿದ್ದು, ಮೇಲಾಗಿ ಬೇರೆ ಉಪಕರಣಗಳ ಗದ್ದಲವನ್ನೂ ನಾವು ಹಂಚಿಕೊಳ್ಳಬೇಕಾಗುತ್ತದೆ. ಬೋಲ್ಟಿನಿಂದ ಕಳಚಿ ತೆಗೆಯಬಹುದಾದ ಬ್ರಾಕೆಟ್ಟುಗಳು, ಸೀಟಿನ ಚೌಕಟ್ಟು, ಸ್ಟೆಪ್ನಿ ಹಿಡಿಯುವ ಕೊಂಡಿ ಇವೆಲ್ಲ ಬಾಡಿಗೆ ಸರಿಯಾಗಿ ಬೆಸೆದುಕೊಂಡಿರುವುದಿಲ್ಲ. ನಾನು ಆರಿಸಿದ್ದು ಹಿಂಬದಿಯ ಶಾಕ್ ಅಬ್ಸಾರ್ಬರಿನ ಬುಡದ ಹತ್ತಿರ, ಎರಡು ಮೂರು ತಗಡುಗಳು ಒಂದರ ಮೇಲೊಂದು ವೆಲ್ಡ್ ಆಗಿರುವ ದಪ್ಪನೆಯ ಜಾಗ. ರಂಧ್ರ ಕೊರೆಯುವ ಮೊದಲು ಕಾರಿನ ಕೆಳಗೆ ಮಲಗಿ ಆ ಜಾಗದ ಆಚೆ ಬದಿಯಲ್ಲಿ ಏನಿದೆ ಎಂದು ಟಾರ್ಚ್ ಹಾಕಿ ನೋಡಿದೆ. ಪೆಟ್ರೋಲ್ ಟ್ಯಾಂಕು, ಬ್ರೇಕ್ ಪೈಪು, ವೈರಿಂಗ್ ಕಟ್ಟು ಇವುಗಳಲ್ಲಿ ಯಾವುದಾದರೂ ಒಂದು ಅಲ್ಲಿರುವ ಸಾಧ್ಯತೆ ಸದಾ ಇರುತ್ತದೆ, ಮತ್ತು ಡ್ರಿಲ್ಲಿಗೆ ಅವುಗಳ ವ್ಯತ್ಯಾಸ ತಿಳಿಯುವುದಿಲ್ಲ.

ರಂಧ್ರ ಕೊರೆದು, ಲಗ್‌ನ ಅಗಲಕ್ಕಿಂತ ಸ್ವಲ್ಪ ಹೆಚ್ಚಾಗಿ, ಮೊದಲು ವೈರ್ ಬ್ರಷ್ಷಿನಿಂದಲೂ ಆಮೇಲೆ ಎಮರಿ ಪೇಪರಿನಿಂದಲೂ ಉಜ್ಜಿದೆ. ಬಣ್ಣ ಹೋಗಿ ಬೂದು ಬಂತು. ಬೂದು ಹೋಗಿ ಬೆಳ್ಳಿಯಂತೆ ಹೊಳೆಯುವ ಲೋಹ ಬಂತು. ಅಲ್ಲಿಗೆ ನಿಲ್ಲಿಸಬೇಕು. 8 ಮಿಲಿಮೀಟರಿನ ಬೋಲ್ಟನ್ನು ರಂಧ್ರದ ಮೂಲಕ ತೂರಿಸಿ ಆಚೆಗೆ ನಟ್ ಹಾಕಿದೆ. ಲಗ್ ನೇರವಾಗಿ ಲೋಹದ ಮೇಲೆ ಕೂರಬೇಕು. ಅದರ ಮೇಲೆ ಚಪ್ಪಟೆ ವಾಷರ್, ಅದರ ಮೇಲೆ ಸ್ಪ್ರಿಂಗ್ ವಾಷರ್. ಲಗ್ ಮತ್ತು ತಗಡಿನ ನಡುವೆ ಹಲ್ಲಿನ ವಾಷರ್ ಇಟ್ಟರೆ ಚೆನ್ನಾಗಿ ಕಚ್ಚುತ್ತದೆ ಎಂಬ ವಾದವೂ ಇದೆ. ಮುಖಕ್ಕೆ ಮುಖ ಕೂಡಿಸಲು ಅಷ್ಟು ಶ್ರಮಪಟ್ಟ ಮೇಲೆ ನಡುವೆ ಮತ್ತೊಂದು ಲೋಹದ ತುಂಡನ್ನು ತೂರಿಸುವುದು ನನಗೆ ಸರಿಕಾಣುವುದಿಲ್ಲ. ಬಿಗಿಮಾಡಿದ ಅನಂತರ, ಮೊದಲಲ್ಲ, ಇಡೀ ಜಾಗದ ಮೇಲೆ ಬಣ್ಣ ಹೊಡೆದೆ. ಕೆಳಬದಿಯ ನಟ್ಟಿಗೂ ಹೊಡೆದೆ. ಬೆತ್ತಲೆ ಲೋಹವನ್ನು ಹಾಗೇ ಬಿಟ್ಟರೆ ತುಕ್ಕು ಲಗ್‌ನ ಅಂಚಿನಿಂದ ಒಳಕ್ಕೆ ಹಬ್ಬಿ, ಕೆಲವೇ ತಿಂಗಳುಗಳಲ್ಲಿ ನಾವು ಹೊರಟ ಜಾಗಕ್ಕೇ ಮರಳಿರುತ್ತೇವೆ.

ಲಗ್ಗನ್ನು ವೈರಿಗೆ ಬೆಸುಗೆ ಹಾಕುವುದಕ್ಕಿಂತ ಸರಿಯಾದ ಅಳತೆಯ ಸಾಧನದಿಂದ ಕ್ರಿಂಪ್ ಮಾಡುವುದೇ, ಅಂದರೆ ಅಮುಕಿ ಬಿಗಿಯುವುದೇ ಮೇಲು. ಬೆಸುಗೆಯ ಸೀಸ ಎಳೆಗಳ ನಡುವೆ ಏರಿ ವೈರನ್ನು ಕಡ್ಡಿಯಂತೆ ಬಿರುಸಾಗಿಸುತ್ತದೆ, ಮತ್ತು ಕಾರಿನ ನಡುಕಕ್ಕೆ ಎಳೆಗಳು ತುಂಡಾಗುವುದು ಆ ಬಿರುಸು ಮುಗಿಯುವ ಗಡಿಯಲ್ಲೇ.

ವೈರಿನ ವಿಚಾರದಲ್ಲಿ ನಿಯಮ ಸರಳ: ಅರ್ಥ್ ವೈರು ಕೆಂಪು ವೈರಿನಷ್ಟೇ ದಪ್ಪ ಇರಬೇಕು, ಮತ್ತು ಆದಷ್ಟು ಗಿಡ್ಡವಾಗಿರಬೇಕು, 45 ಸೆಂಟಿಮೀಟರಿನ ಒಳಗಿದ್ದರೆ ಉತ್ತಮ. ಕೆಂಪಿಗೆ 4 ಗೇಜ್ ಬಳಸಿದ್ದವರು ಕಪ್ಪಿಗೆ 8 ಗೇಜನ್ನು, ಅದೂ ಒಂದು ಮೀಟರ್ ಉದ್ದ, ಬಳಸಿದ್ದರು. ಗೇಜಿನ ಅಂಕಿ ದೊಡ್ಡದಾದಷ್ಟೂ ವೈರು ತೆಳು. 8 ಗೇಜಿನ ಶುದ್ಧ ತಾಮ್ರಕ್ಕೆ ಮೀಟರಿಗೆ ಸುಮಾರು 2 ಮಿಲಿಓಮ್ ಪ್ರತಿರೋಧ, 4 ಗೇಜಿಗೆ ಸುಮಾರು 0.8. ಅಲ್ಯೂಮಿನಿಯಂ ಎಳೆಯ ಮೇಲೆ ತಾಮ್ರದ ತೆಳು ಲೇಪವಿರುವ ವೈರುಗಳೂ ಅದೇ ಗೇಜಿನ ಹೆಸರಿನಲ್ಲಿ ಮಾರಾಟವಾಗುತ್ತವೆ; ಅವು ಕರೆಂಟನ್ನು ಒಯ್ಯುವ ಸಾಮರ್ಥ್ಯ ತಾಮ್ರದ ಮೂರನೇ ಎರಡು ಪಾಲಿನಷ್ಟೇ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬಿಳಿಯಾಗಿ ಹೊಳೆದರೆ ಅದು ಅಂಥ ವೈರು ಎಂದು ಗುರುತಿಸಬಹುದು.

ಹೀಗಿರುವಾಗ ಅರ್ಥ್ ವೈರನ್ನು ಕಾರಿನ ಬಾಡಿಗೆ ಸೇರಿಸದೆ ನೇರವಾಗಿ ಬ್ಯಾಟರಿಯವರೆಗೇ ಎಳೆದರೆ ಇನ್ನೂ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ನನಗೂ ಬಂದಿತ್ತು. ಲೆಕ್ಕ ಹಾಕಿದರೆ 5 ಮೀಟರ್ 4 ಗೇಜ್ ವೈರಿನ ಪ್ರತಿರೋಧ 4 ಮಿಲಿಓಮ್, 45 ಆಂಪಿಯರಿನಲ್ಲಿ ಬೀಳುವುದು 0.18 ವೋಲ್ಟ್. ಉಕ್ಕು ತಾಮ್ರಕ್ಕಿಂತ ಕೆಟ್ಟ ವಾಹಕವಾದರೂ ಕಾರಿನ ಬಾಡಿಯಲ್ಲಿ ಅದು ಅಷ್ಟು ಅಗಲವಾಗಿ ಹರಡಿಕೊಂಡಿದೆಯೆಂದರೆ ಸಾಮಾನ್ಯವಾಗಿ ಈ ವೈರಿಗಿಂತ ಅದೇ ಸಲೀಸಾದ ದಾರಿ. ತಗಡುಗಳನ್ನು ಅಂಟಿನಿಂದ ಕೂಡಿಸಿದ ಅಥವಾ ಅಲ್ಯೂಮಿನಿಯಂ ಬಾಡಿಯ ಹೊಸ ಕಾರುಗಳಲ್ಲಿ ಮಾತ್ರ ಈ ನಂಬಿಕೆ ನಡೆಯುವುದಿಲ್ಲ. ಅಲ್ಲಿ ಅಳೆದು ನೋಡಿ, ಬೇಕಿದ್ದರೆ ವೈರನ್ನೇ ಎಳೆಯಬೇಕು. ಬ್ಯಾಟರಿಯ ಮೈನಸ್ ಕಂಬದ ಮೇಲೆ ಚಿಕ್ಕ ಸೆನ್ಸರ್ ಕುಳಿತಿರುವ ಕಾರುಗಳಲ್ಲಿ ವೈರನ್ನು ಕಂಬಕ್ಕೆ ನೇರವಾಗಿ ಸೇರಿಸದೆ ಸೆನ್ಸರಿನ ಆಚೆಗೆ, ಬಾಡಿಯ ಕಡೆಗೆ ಸೇರಿಸಬೇಕು. ಇಲ್ಲವಾದರೆ ಆಂಪ್ಲಿಫೈಯರಿನ ಕರೆಂಟು ಅದರ ಲೆಕ್ಕಕ್ಕೇ ಬರುವುದಿಲ್ಲ.

ಬಾಡಿಯಿಂದ ಬ್ಯಾಟರಿಯವರೆಗೆ ಬೀಳುತ್ತಿದ್ದ 0.08 ವೋಲ್ಟನ್ನು ನಾನು ಮರೆತಿರಲಿಲ್ಲ. ಬಾಡಿ ಎಷ್ಟೇ ಒಳ್ಳೆಯ ದಾರಿಯಾದರೂ ಕೊನೆಯಲ್ಲಿ ಎಲ್ಲ ಕರೆಂಟೂ ಬ್ಯಾಟರಿಯ ಮೈನಸ್‌ನಿಂದ ಬಾಡಿಗೆ ಬರುವ ಒಂದು ಗಿಡ್ಡ ವೈರಿನ ಮೂಲಕವೇ ಹಾಯಬೇಕು. ಕಾರ್ಖಾನೆಯವರು ಅದನ್ನು ಹಾಕಿದ್ದು ಕಾರಿನ ಸ್ವಂತ ಅಗತ್ಯಕ್ಕೆ. ನಮ್ಮ 45 ಆಂಪಿಯರ್ ಅವರ ಲೆಕ್ಕದಲ್ಲಿರಲಿಲ್ಲ. ಅದರ ಎರಡೂ ತುದಿಗಳನ್ನು ಬಿಚ್ಚಿ ಉಜ್ಜಿ, ಜೊತೆಗೊಂದು ದಪ್ಪ ವೈರನ್ನು ಸಮಾನಾಂತರವಾಗಿ ಕೊಟ್ಟಾಗ ಅದು 0.03ಕ್ಕೆ ಇಳಿಯಿತು. ಎಂಜಿನ್ನಿನಿಂದ ಬಾಡಿಗೆ ಬರುವ ಪಟ್ಟಿಯನ್ನೂ ಅದೇ ಸಲ ಬಿಚ್ಚಿ ಉಜ್ಜಿದೆ. ಆಲ್ಟರ್ನೇಟರ್ ಅರ್ಥ್ ಆಗಿರುವುದು ಎಂಜಿನ್ನಿನ ಮೂಲಕವಾದ್ದರಿಂದ ಅಲ್ಲಿನ ಸಡಿಲವೂ ಕಿವಿಗೆ ಬೀಳುತ್ತದೆ.

ಎಲ್ಲ ಮುಗಿದ ಮೇಲೆ ಅದೇ ಟೋನು, ಅದೇ 30 ಆಂಪಿಯರಿನಲ್ಲಿ ಮತ್ತೆ ಅಳೆದಾಗ 0.62 ಇದ್ದ ಕಡೆ 0.045 ವೋಲ್ಟ್ ಇತ್ತು. ಎಂಜಿನ್ ಓಡಿಸಿ, ಹಾಡು ನಿಲ್ಲಿಸಿ, ಟ್ವೀಟರಿಗೆ ಕಿವಿ ಹಚ್ಚಿದೆ. ಕಿವಿ ಹಚ್ಚಿದರೆ ಮಾತ್ರ ತಿಳಿಯುವ ಸಣ್ಣ ಸುಯ್ ಒಂದನ್ನು ಬಿಟ್ಟರೆ ಏನೂ ಇರಲಿಲ್ಲ. ಆ ಸುಯ್ ಕೂಡ ಗೇನ್ ಅನ್ನು ಇಳಿಸಿದಾಗ ಹೋಯಿತು. ಗೇನ್ ಎಂಬುದು ಎರಡನೇ ವಾಲ್ಯೂಮ್ ಅಲ್ಲ. ಸ್ಟೀರಿಯೊ ಕೊಡುವ ವೋಲ್ಟೇಜಿಗೆ ಆಂಪ್ಲಿಫೈಯರನ್ನು ಹೊಂದಿಸುವ ಗುಂಡಿ. ಸ್ಟೀರಿಯೊದ ಔಟ್‌ಪುಟ್ 2 ವೋಲ್ಟಿನ ಬದಲು 4 ವೋಲ್ಟ್ ಇದ್ದರೆ ಗೇನ್ ಅಷ್ಟು ತಗ್ಗಿಸಬಹುದು, ಗದ್ದಲವೂ ಅಷ್ಟು ತಗ್ಗುತ್ತದೆ.

ಇಷ್ಟಾದರೂ ದನಿ ಹೋಗದಿದ್ದರೆ ಸ್ಟೀರಿಯೊದ ಹಿಂಬದಿ ನೋಡಬೇಕು. ಆಂಪ್ಲಿಫೈಯರಿನ ಅರ್ಥ್ ಸಡಿಲವಾಗಿ ಆರ್‌ಸಿಎ ಮಾತ್ರ ಸಿಕ್ಕಿಕೊಂಡಿದ್ದರೆ ಮರಳಲು ಬೇರೆ ದಾರಿ ಕಾಣದ ಕರೆಂಟು ಆ ತೆಳು ಶೀಲ್ಡಿನ ಮೂಲಕವೇ ಸ್ಟೀರಿಯೊದೊಳಗೆ ನುಗ್ಗುತ್ತದೆ. ಕೆಲವು ಸ್ಟೀರಿಯೊಗಳಲ್ಲಿ ಇದಕ್ಕೆಂದೇ ಬೋರ್ಡಿನ ಮೇಲೆ ಸಾಸಿವೆ ಕಾಳಿನಷ್ಟು ಫ್ಯೂಸ್ ಇರುತ್ತದೆ. ಅದು ಸುಟ್ಟರೆ ಆರ್‌ಸಿಎ ಸಾಕೆಟ್ಟಿನ ಹೊರಬಳೆಗೂ ಸ್ಟೀರಿಯೊದ ಲೋಹದ ಮೈಗೂ ಇದ್ದ ಸಂಬಂಧ ಕಡಿದುಹೋಗಿ, ಬೇರೆಲ್ಲ ಸರಿಯಿದ್ದರೂ ಕೀರಲು ದನಿ ಬರುತ್ತದೆ. ಬೀಪ್ ಪರೀಕ್ಷೆ ಕೆಲಸಕ್ಕೆ ಬರುವುದು ಇಲ್ಲಿ: ಹೊರಬಳೆಗೂ ಮೈಗೂ ನಡುವೆ ಸಂಪರ್ಕ ಸಿಗದಿದ್ದರೆ ಫ್ಯೂಸ್ ಹೋಗಿದೆ. ಅದಕ್ಕೇ ಅರ್ಥ್ ವೈರನ್ನು ಮೊದಲು ಹಾಕಿ ಕೊನೆಗೆ ತೆಗೆಯಬೇಕು, ಸಿಸ್ಟಂ ಆನ್ ಇರುವಾಗ ಆರ್‌ಸಿಎ ಪ್ಲಗ್ಗುಗಳನ್ನು ಮುಟ್ಟಬಾರದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕಳಚಿ ಪರೀಕ್ಷಿಸುವ ಹಳೆಯ ಅಭ್ಯಾಸವನ್ನಂತೂ ಪೂರ್ತಿ ಬಿಡಬೇಕು. ಆ ಕ್ಷಣದಲ್ಲಿ ಆಲ್ಟರ್ನೇಟರಿನಿಂದ ಏಳುವ ವೋಲ್ಟೇಜು ಹತ್ತಾರು ವೋಲ್ಟುಗಳಷ್ಟು ಜಿಗಿದು ಕಾರಿನ ಕಂಪ್ಯೂಟರನ್ನೇ ಸುಡಬಹುದು.

ಎರಡು ಆಂಪ್ಲಿಫೈಯರುಗಳಿದ್ದರೆ ಎರಡನ್ನೂ ಒಂದೇ ಬೋಲ್ಟಿಗೆ ತರುವುದು ಕ್ಷೇಮ. ಆರ್‌ಸಿಎ ಕೇಬಲನ್ನು ಕೆಂಪು ವೈರಿನಿಂದ ದೂರ, ಕಾರಿನ ಇನ್ನೊಂದು ಬದಿಯಲ್ಲಿ ತರಬೇಕು ಎಂಬ ಸಲಹೆ ಸರಿಯಾದದ್ದೇ, ನಾನೂ ಹಾಗೆಯೇ ತಂದಿದ್ದೇನೆ. ಆದರೆ ಅದಕ್ಕಾಗಿ ಕಾರಿನ ಕಾರ್ಪೆಟ್ಟನ್ನೆಲ್ಲ ಕೀಳುವ ಮೊದಲು ಅರ್ಥ್ ಲಗ್‌ನ ಕೆಳಗೊಮ್ಮೆ ಇಣುಕಿ ನೋಡಲು ಅರ್ಧ ಗಂಟೆ ಸಾಕು.

ಡ್ರಾಯರಿಗೆ ಹಾಕಿದ್ದ ಐಸೊಲೇಟರಿಗೂ ಕೊನೆಗೆ ಒಂದು ಕೆಲಸ ಸಿಕ್ಕಿತು. ಫೋನನ್ನು ಆಕ್ಸ್ ವೈರಿನಿಂದ ಸ್ಟೀರಿಯೊಗೆ ಸೇರಿಸಿ ಅದೇ ಹೊತ್ತಿಗೆ ಚಾರ್ಜರಿಗೂ ಸಿಕ್ಕಿಸಿದಾಗ ಜೀರುಂಡೆಯಂಥ ಬೇರೊಂದು ಸಣ್ಣ ದನಿ ಕೇಳಿಸುತ್ತಿತ್ತು. ಚಾರ್ಜರ್ ಕಿತ್ತರೆ ನಿಲ್ಲುತ್ತಿತ್ತು. ಚಾರ್ಜರಿನ ಅರ್ಥ್ ಒಂದು ಕಡೆ, ಆಕ್ಸ್ ವೈರಿನ ಶೀಲ್ಡ್ ಇನ್ನೊಂದು ಕಡೆ, ನಡುವೆ ಫೋನು: ಡಿಕ್ಕಿಯಲ್ಲಿ ನಡೆದದ್ದೇ ಇಲ್ಲಿ ಪುಟ್ಟದಾಗಿ ನಡೆಯುತ್ತಿತ್ತು. ಫೋನಿಗೆ ಬೋಲ್ಟು ಹಾಕಿ ಅರ್ಥ್ ಕೊಡಲಾಗುವುದಿಲ್ಲವಾದ್ದರಿಂದ ಆ ಡಬ್ಬಿಯನ್ನು ಆಕ್ಸ್ ವೈರಿನ ನಡುವೆ ಹಾಕಿದೆ. ಒಳಗಿನ ಚಿಕ್ಕ ಟ್ರಾನ್ಸ್‌ಫಾರ್ಮರು ಆಳದ ಬೇಸನ್ನು ಈಗಲೂ ಸ್ವಲ್ಪ ತಿನ್ನುತ್ತದೆ. ಫೋನಿನಲ್ಲಿ ನಾನು ಹೆಚ್ಚಾಗಿ ಕೇಳುವುದು ವಾರ್ತೆ ಮತ್ತು ಮಾತುಕತೆಗಳನ್ನಾದ್ದರಿಂದ ಅದನ್ನು ಅಲ್ಲೇ ಬಿಟ್ಟಿದ್ದೇನೆ.